ಶ್ರೀಮತಿ ಲುಡೊವಿಕಾ ಯಾಕೊಬ್ಸನ್

ಯೂರೋಪ್ ಖಂಡದ ಉತ್ತರ ಭಾಗದಲ್ಲಿ ಫಿನ್ಲೆಂಡ್ ಎಂಬುದೊಂದು ಚಿಕ್ಕ ದೇಶವುಂಟು. ಚಳಿಗಾಲದಲ್ಲಿ ಅಲ್ಲಿಯ ಕೆರೆಗಳೂ ಕಡಲಿನ ಕೊಲ್ಲಿಗಳೂ ಹೆಪ್ಪುಗಟ್ಟಿ, ಮೇಲೆ ಬಂಡಿಗಳು ಸಾಗಬಹುದಾದಷ್ಟು ಗಟ್ಟಿಯಾಗುವುವು. ನಮ್ಮ ಹುಡುಗಿಯರು ಅಂಗಳದಲ್ಲಿ ಕುಂಟಾಬಿಲ್ಲೆಯಾಡುವಂತೆ ಅಲ್ಲಿಯವರು ಪಾದರಕ್ಷೆಯ ಅಡಿಗೆ ಉಕ್ಕಿನ ಅಲಗನ್ನು ಬಿಗಿದುಕೊಂಡು ಆ ಹಿಮಗಡ್ಡೆಯ ಮೇಲೆ ಜಾರುತ್ತಾ ಆಡುವರು. ಇದಕ್ಕೆ ಸ್ಕೇಟಿಂಗ್ ಎಂದು ಹೆಸರು. ಬರಿಯ ವೇಗಕ್ಕಾಗಿ ಓಡದೆ, ಸಂಗೀತಕ್ಕೆ ಸರಿಯಾಗಿ ಸುತ್ತುತ್ತಾ ಬಾಗುತ್ತಾ ಹಿಮದ ಮೇಲೆ ಚಿತ್ರ ಬರೆದಂತೆ ಚಲಿಸುವುದು ಇದರಲ್ಲಿ ಒಂದು ಬೇರೆಯೇ ಕಲೆಯಾಗಿದೆ. ಈ ಕಲೆಯಲ್ಲಿ ಫಿನ್ಲೆಂಡಿಗೆ ಒಲಿಂಪಿಕ್ ಸುವರ್ಣ ಪದಕವನ್ನು ತಂದುಕೊಟ್ಟ ಮಹಿಳೆಯು ಆ ದೇಶದಲ್ಲಿ ಹುಟ್ಟಿದವಳಲ್ಲ. ಮದುವೆಯಾಗಿ ಬಂದು ಸೇರಿದವಳು. ಆಕೆಯ ಚರಿತ್ರೆಯನ್ನೇ ಇಲ್ಲಿ ಬರೆಯಲುದ್ದೇಶಿಸಿದ್ದೇವೆ.

ಲುಡೊವಿಕಾ ಐಲರ್ಸ್ ಎಂಬ ಹೆಸರಿನಿಂದ ಆಕೆಯು 1884ನೆಯ ಇಸವಿ ಜುಲೈ 25ನೆಯ ತಾರೀಖಿನಲ್ಲಿ ಜರ್ಮನಿಯ ಪೊಟ್ಸ್‌ಡಾಮ್ ಪಟ್ಟಣದಲ್ಲಿ ಹುಟ್ಟಿದಳು. ಬರ್ಲಿನ್ ನಗರಕ್ಕೆ ಸಮೀಪವಾದ ಈ ಪಟ್ಟಣವು ಪ್ರಷ್ಯಾ ದೇಶದ ಅರಸರ ಅರಮನೆಗಳಿಂದ ಪ್ರಸಿದ್ಧವಾದುದು. ಆಕೆಯ ಪತಿಯಾಗಲಿದ್ದ ವಾಲ್ಟರ್ ಯಾಕೊಬ್ಸನನು ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ 1882ರ ಫೆಬ್ರವರಿ 6ರಂದು ಹುಟ್ಟಿದವನು. ಆಗ ಫಿನ್ಲೆಂಡಿಗೆ ಸ್ವಾತಂತ್ರ್ಯವಿರಲಿಲ್ಲ. ಅದು ರಷ್ಯಾದ ಚಕ್ರವರ್ತಿಗೆ ಅಧೀನವಾಗಿತ್ತು. ಇಂಜಿನಿಯರ್ ವೃತ್ತಿಯವನಾದ ವಾಲ್ಟರನಿಗೂ ಲುಡೊವಿಕಾಳಿಗೂ 1907ರಲ್ಲಿ ಬರ್ಲಿನ್ ನಗರದಲ್ಲಿ ಪರಿಚಯವಾಯಿತು. ಇಬ್ಬರಿಗೂ ಹಿಮದ ಆಟದಲ್ಲಿ ಸಮಾನವಾದ ಅಭಿರುಚಿಯಿದ್ದುದರಿಂದ ಜೊತೆಯಾಗಿ ಅಭ್ಯಾಸ ಮಾಡತೊಡಗಿದರು.

ಸ್ತ್ರೀಪುರುಷರು ಜೋಡಿಯಾಗಿ ಆಡುವ ಪಂದ್ಯವು ಆಗಿನ್ನೂ ಹೊಸದು. 1908ರಲ್ಲಿಯೇ ಅದಕ್ಕೆ ಜಾಗತಿಕ ಪಂದ್ಯಗಳಲ್ಲಿಯೂ ಲಂಡನ್ನಿನ ಒಲಿಂಪಿಕ್ ಕೂಟದಲ್ಲಿಯೂ ಮೊದಲಾಗಿ ಸ್ಥಾನ ದೊರಕಿತು. ಈಗಿನವರಂತೆ ಸಂಗಾತಿಯನ್ನು ತಲೆಯ ಮೇಲಕ್ಕೆತ್ತುವುದಾಗಲಿ ದೂರಕ್ಕೆ ಎಸೆದು ಹಿಮದ ಮೇಲಿಳಿಸುವುದಾಗಲಿ ಆ ಕಾಲದಲ್ಲಿರಲಿಲ್ಲ. ಸ್ತ್ರೀಯರು ಉದ್ದವಾದ ಲಂಗವನ್ನು ಉಟ್ಟೇ ಆಡುತ್ತಿದ್ದರು. ಇಬ್ಬರೂ ಒಂದೇ ಅಲಗಿನ ಅಂಚಿನ ಮೇಲೆ, ಒಂದೇ ಓರೆಯಲ್ಲಿ, ಒಂದೇ ಕ್ಷಣದಲ್ಲಿ ತಿರುಗಬೇಕು. ಒಬ್ಬರ ಹೆಜ್ಜೆಯು ಕೂದಲೆಳೆಯಷ್ಟು ಹಿಂದಾದರೂ ನೋಡುವವರ ಕಣ್ಣಿಗೆ ಕೂಡಲೇ ಬೀಳುವುದು. ಆದುದರಿಂದ ಬಲಕ್ಕಿಂತಲೂ ಹೊಂದಿಕೆಯೇ ಇದರಲ್ಲಿ ಮುಖ್ಯ. ಹೊಂದಿಕೆಯು ಒಂದೆರಡು ತಿಂಗಳಲ್ಲಿ ಬರುವಂಥದ್ದಲ್ಲ. ಅನೇಕ ಚಳಿಗಾಲಗಳ ದುಡಿಮೆಯಿಂದ ಬರತಕ್ಕದ್ದು.

1910ರಲ್ಲಿ ಬರ್ಲಿನ್ ನಗರದ ಜಾಗತಿಕ ಪಂದ್ಯದಲ್ಲಿ ಈ ಜೋಡಿಯು ಎರಡನೆಯ ಸ್ಥಾನವನ್ನು ಪಡೆಯಿತು. ಮರುವರ್ಷ ವಿಯೆನ್ನಾದಲ್ಲಿ ಮೊದಲನೆಯ ಸ್ಥಾನ. ಆದರೆ ಸತ್ಯವನ್ನು ಮರೆಮಾಡಲಾಗದು: ಆ ವರ್ಷ ಅವರ ಹೊರತು ಬೇರೆ ಯಾವ ಜೋಡಿಯೂ ಕಣಕ್ಕಿಳಿಯಲಿಲ್ಲ. ಎದುರಾಳಿಯಿಲ್ಲದೆ ದೊರೆತ ಜಯಕ್ಕೆ ಎಷ್ಟು ಬೆಲೆಯೆಂದು ಕೇಳುವವರು ಕೇಳಬಹುದು. ಅಂಥವರು, ಅದೇ ವಿಯೆನ್ನಾದಲ್ಲಿ ಅದೇ ವರ್ಷ ಲುಡೊವಿಕಾಳು ಸ್ತ್ರೀಯರ ಏಕಾಕಿ ಪಂದ್ಯದಲ್ಲಿಯೂ ಆಡಿ, ಹಂಗೆರಿಯ ಇಬ್ಬರು ಪ್ರವೀಣೆಯರ ತರುವಾಯ ಮೂರನೆಯವಳಾದಳೆಂಬುದನ್ನೂ ನೆನಪಿನಲ್ಲಿಡುವುದು ನ್ಯಾಯ. 1911ರಲ್ಲಿಯೇ ಇವರ ವಿವಾಹವೂ ನೆರವೇರಿತು.

ತರುವಾಯದ ವರ್ಷಗಳಲ್ಲಿ ಎದುರಾಳಿಗಳಿಗೆ ಕೊರತೆಯಿರಲಿಲ್ಲ. 1912ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಗ್ಲಿಷ್ ದಂಪತಿಗಳಾದ ಜಾನ್ಸನ್‌ರವರು ಇವರನ್ನು ಸೋಲಿಸಿದರು. 1913ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೋಲಿಸಿದವಳು ವಿಯೆನ್ನಾದ ಹೆಲೆನ್ ಎಂಗೆಲ್‌ಮನ್ ಎಂಬ ಹದಿನೈದು ವರ್ಷದ ಹುಡುಗಿ. ಆಕೆಯ ತಂದೆಯು ಯಂತ್ರಬಲದಿಂದ ನೀರನ್ನು ಹೆಪ್ಪುಗಟ್ಟಿಸಿ ಬಯಲಿನಲ್ಲಿ ಆಟದ ಕಣವನ್ನು ಕಟ್ಟಿಸಿದ ಇಂಜಿನಿಯರನು. ಮಗಳು ಅಂಥ ಮನೆಯಲ್ಲಿ ಬೆಳೆದವಳು. ಲುಡೊವಿಕಾಳಿಗೆ ಆಗ ಇಪ್ಪತ್ತೆಂಟು ವರ್ಷ. ಅರ್ಧ ವಯಸ್ಸಿನ ಹುಡುಗಿಯ ಮುಂದೆ ಸೋತ ಮೇಲೆ ಅನೇಕರು ಆಟವನ್ನು ಬಿಟ್ಟಾರು. ಯಾಕೊಬ್ಸನ್ ದಂಪತಿಗಳು ಬಿಡಲಿಲ್ಲ. 1914ರಲ್ಲಿ ಸ್ವಿಟ್ಸರ್ಲೆಂಡಿನ ಸೇಂಟ್ ಮೊರಿಟ್ಸಿನಲ್ಲಿ ಅದೇ ಹುಡುಗಿಯ ಜೋಡಿಯನ್ನು ಹಿಂದಕ್ಕೆ ಹಾಕಿ ಪ್ರಥಮ ಸ್ಥಾನವನ್ನು ಪಡೆದರು. ಇದನ್ನು ಯಾರೂ ಆಕ್ಷೇಪಿಸುವಂತಿರಲಿಲ್ಲ.

ಅದೇ ವರ್ಷದ ಜುಲೈ ಕೊನೆಯಲ್ಲಿ ಮಹಾಯುದ್ಧವು ಆರಂಭವಾಯಿತು. ಆಕೆಯ ತವರಾದ ಜರ್ಮನಿಯೂ, ಆಕೆಯ ಪತಿಯ ದೇಶವನ್ನಾಳುತ್ತಿದ್ದ ರಷ್ಯಾವೂ ಒಂದರ ಮೇಲೊಂದು ಯುದ್ಧ ಹೂಡಿದವು. ಆ ಕಾಲದ ಜರ್ಮನ್ ಕಾನೂನಿನಂತೆ ಪರದೇಶದವನನ್ನು ಮದುವೆಯಾದ ಹೆಣ್ಣು ತನ್ನ ದೇಶದ ಪ್ರಜೆಯಾಗಿ ಉಳಿಯುತ್ತಿರಲಿಲ್ಲ. ಹೀಗಾಗಿ ಹುಟ್ಟಿದ ನಾಡಿನವರಿಗೇ ಆಕೆಯು ಶತ್ರುಪಕ್ಷದವಳೆನಿಸಿದಳು. ತವರಿಗೂ ಗಂಡನ ಮನೆಗೂ ಮನಸ್ತಾಪವುಂಟಾದರೆ ಹೆಣ್ಣಿನ ಪಾಡೇನೆಂಬುದನ್ನು ನಮ್ಮ ವಾಚಕಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಎರಡು ಮನೆಗಳಲ್ಲ, ಎರಡು ಸಾಮ್ರಾಜ್ಯಗಳು. ಯುದ್ಧದ ವರ್ಷಗಳಲ್ಲಿಯೇ ದಂಪತಿಗಳು ಹೆಲ್ಸಿಂಕಿಗೆ ಹೋಗಿ ನೆಲಸಿದರು. ವಾಲ್ಟರನು ಅಲ್ಲಿ ಯಂತ್ರಗಳನ್ನೂ ಸೇತುವೆಗಳನ್ನೂ ನಿರ್ಮಿಸುವ ಒಂದು ದೊಡ್ಡ ಕಾರಖಾನೆಯಲ್ಲಿ ಉನ್ನತವಾದ ಹುದ್ದೆಯಲ್ಲಿದ್ದನು. 1917ರ ಡಿಸೆಂಬರಿನಲ್ಲಿ ಫಿನ್ಲೆಂಡು ಸ್ವತಂತ್ರವಾಯಿತು. ಆದರೆ ಮರುತಿಂಗಳೇ ಅಂತರ್ಯುದ್ಧವು ಹೊತ್ತಿಕೊಂಡಿತು. 1918ರ ಏಪ್ರಿಲಿನಲ್ಲಿ ಹೆಲ್ಸಿಂಕಿಯನ್ನು ಹಿಡಿದುಕೊಂಡವರು ಆಕೆಯ ತವರಿನ ಸೈನಿಕರೇ.

1915ರಿಂದ 1921ರ ವರೆಗೆ ಜಾಗತಿಕ ಪಂದ್ಯಗಳು ನಡೆಯಲೇ ಇಲ್ಲ. ಆಟಗಾರ್ತಿಯ ಪ್ರಾಯದಲ್ಲಿ ಅತ್ಯುತ್ತಮವಾದ ವರ್ಷಗಳೆಲ್ಲಾ ಹೀಗೆ ಕಳೆದುಹೋದವು. 1920ರಲ್ಲಿ ಬೆಲ್ಜಿಯಮಿನ ಆಂಟ್‌ವರ್ಪ್ ನಗರದಲ್ಲಿ ಒಲಿಂಪಿಕ್ ಕೂಟವು ಸೇರಿದಾಗ ಆಕೆಗೆ ಮೂವತ್ತೈದು ವರ್ಷ, ಪತಿಗೆ ಮೂವತ್ತೆಂಟು. ಯುದ್ಧದಲ್ಲಿ ಸೋತ ಜರ್ಮನಿ, ಆಸ್ಟ್ರಿಯಾ, ಹಂಗೆರಿ ಮೊದಲಾದ ದೇಶಗಳಿಗೆ ಆ ಕೂಟಕ್ಕೆ ಆಮಂತ್ರಣವೇ ಇರಲಿಲ್ಲ. ಲುಡೊವಿಕಾ ಐಲರ್ಸಳಾಗಿಯೇ ಉಳಿದಿದ್ದರೆ ಆಕೆಗೆ ಆ ಬಾಗಿಲು ಮುಚ್ಚಿರುತ್ತಿತ್ತು, ಯಾಕೊಬ್ಸನಳಾಗಿದ್ದುದರಿಂದ ತೆರೆಯಿತು. ವಿಯೆನ್ನಾದ ಎಂಗೆಲ್‌ಮನಳು ಮಾತ್ರ ಹೊರಗೆಯೇ ಉಳಿಯಬೇಕಾಯಿತು.

ಏಪ್ರಿಲ್ 26ರಂದು ಆಂಟ್‌ವರ್ಪಿನ ಹಿಮಮಂದಿರದಲ್ಲಿ ಎಂಟು ಜೋಡಿಗಳು ಆಡಿದವು. ಏಳು ಮಂದಿ ತೀರ್ಪುಗಾರರಿದ್ದರು. ಏಳು ಮಂದಿಯೂ ಯಾಕೊಬ್ಸನ್ ದಂಪತಿಗಳನ್ನೇ ಮೊದಲನೆಯವರೆಂದು ಬರೆದುಕೊಟ್ಟರು. ಎರಡನೆಯ ಸ್ಥಾನವು ನಾರ್ವೆಯ ಬ್ರೀನ್ ದಂಪತಿಗಳಿಗೆ ಹೋಯಿತು. ಆಟಗಳಲ್ಲಿ ತೀರ್ಪುಗಾರರು ಒಮ್ಮತಕ್ಕೆ ಬರುವುದು ಎಷ್ಟು ಅಪರೂಪವೆಂಬುದು ನಮ್ಮ ಶಾಲೆಯ ಕ್ರೀಡಾದಿನವನ್ನು ಕಂಡವರಿಗೂ ಗೊತ್ತಿರುವ ವಿಷಯ. ಹಿಮದ ಆಟದಲ್ಲಿ ಒಲಿಂಪಿಕ್ ಸುವರ್ಣ ಪದಕವನ್ನು ಪಡೆದ ಸ್ತ್ರೀಯರಲ್ಲಿ ಆಕೆಯಷ್ಟು ವಯಸ್ಸಾದವಳು ನೂರು ವರ್ಷಗಳ ತರುವಾಯವೂ, ಎಂದರೆ 2022ರ ಕೂಟದ ವರೆಗೂ, ಬೇರೊಬ್ಬಳಿರಲಿಲ್ಲ.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಅದೇ ಆಂಟ್‌ವರ್ಪಿನಲ್ಲಿ, ಅದೇ ವರ್ಷದ ಆಗಸ್ಟಿನಲ್ಲಿ, ಮ್ಯಾರಥಾನ್ ಎಂಬ ದೂರದ ಓಟವನ್ನು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನನು ಗೆದ್ದನು. ಆ ಓಟದಲ್ಲಿ ಹತ್ತೊಂಬತ್ತನೆಯವನಾಗಿ ಬಂದು ಮುಟ್ಟಿದವನು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಯುದ್ಧಾನಂತರದ ಜಾಗತಿಕ ಪಂದ್ಯಗಳು 1922ರಲ್ಲಿ ಮರಳಿ ಆರಂಭವಾದುವು. ದಾವೋಸಿನಲ್ಲಿ ಎಂಗೆಲ್‌ಮನಳು ಹೊಸ ಸಂಗಾತಿಯಾದ ಬರ್ಗರನೊಡನೆ ಬಂದು ಇವರನ್ನು ಸೋಲಿಸಿದಳು. ಆಂಟ್‌ವರ್ಪಿನಲ್ಲಿ ಆಕೆಯಿದ್ದಿದ್ದರೆ ಏನಾಗುತ್ತಿತ್ತೆಂಬ ಸಂಶಯಕ್ಕೆ ಇದರಿಂದ ಎಡೆಯಾಗುವುದು ನಿಜ. ಆದರೆ ಯುದ್ಧವನ್ನು ಹೂಡಿದವರು ಆಟಗಾರರಲ್ಲವಷ್ಟೆ. 1923ರಲ್ಲಿ ನಾರ್ವೆಯ ರಾಜಧಾನಿಯಲ್ಲಿ ಯಾಕೊಬ್ಸನರು ಮೂರನೆಯ ಸಾರಿ ಜಗದ್ವಿಜೇತರಾದರು. 1924ರಲ್ಲಿ ಶಾಮೊನಿಯ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ ಎಂಗೆಲ್‌ಮನಳಿಗೆ ಸುವರ್ಣವೂ ಇವರಿಗೆ ರಜತವೂ ಬಂದವು. ಮೂರನೆಯವರಾಗಿ ನಿಂತ ಫ್ರಾನ್ಸಿನ ತರುಣ ಜೋಡಿ ಆಂದ್ರೆ ಜೊಲಿ ಮತ್ತು ಪಿಯೆರ್ ಬ್ರೂನೆ ಎಂಬವರು ಹೊಸ ಬಗೆಯ ಎತ್ತುವಿಕೆಗಳಿಂದ ಆಟದ ರೀತಿಯನ್ನೇ ಬದಲಿಸಿದರು. 1928ರಲ್ಲಿ ಸೇಂಟ್ ಮೊರಿಟ್ಸಿನಲ್ಲಿ ಸುವರ್ಣವು ಆ ತರುಣರಿಗೇ ಸಂದಿತು. ಅಲ್ಲಿಯೂ ಹದಿಮೂರು ಜೋಡಿಗಳ ನಡುವೆ ಯಾಕೊಬ್ಸನರು ಆಡಿದರು. ಆಕೆಗೆ ನಲವತ್ತಮೂರು, ಆತನಿಗೆ ನಲವತ್ತಾರು. ಐದನೆಯ ಸ್ಥಾನವು ದೊರಕಿತು. ಹದಿನಾಲ್ಕು ವರ್ಷಗಳ ಹಿಂದೆ ಜಯ ಕಂಡ ಊರಿಗೆ, ಬಹುಮಾನದ ಭರವಸೆಯಿಲ್ಲದೆ ಮರಳಿ ಬಂದು ಆಡಿದ ಆ ಐದನೆಯ ಸ್ಥಾನವೇ ಈ ಲೇಖಕಿಗೆ ಆಕೆಯ ಪದಕಗಳೆಲ್ಲಕ್ಕಿಂತಲೂ ಹಿರಿದಾಗಿ ತೋರುತ್ತದೆ.

ಮುಂದೆ ವಾಲ್ಟರನು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತೀರ್ಪುಗಾರನಾಗಿ ಕೆಲಸ ಮಾಡಿದನು. ಹೆಲ್ಸಿಂಕಿಯಲ್ಲಿ 1940ಕ್ಕೆ ಗೊತ್ತುಮಾಡಿದ್ದ ಒಲಿಂಪಿಕ್ ಕೂಟವು ಎರಡನೆಯ ಮಹಾಯುದ್ಧದಿಂದ ನಿಂತುಹೋಗಿ, 1952ರಲ್ಲಿ ಆ ನಗರದಲ್ಲಿ ನಡೆದಾಗ ದಂಪತಿಗಳಿಬ್ಬರೂ ಬದುಕಿದ್ದರು. ವಾಲ್ಟರನು 1957ರ ಜೂನ್ 10ರಂದು ತೀರಿಕೊಂಡನು. ಐವತ್ತು ವರ್ಷಗಳ ಹಿಂದೆ ಬರ್ಲಿನ್ನಿನಲ್ಲಿ ಆತನ ಕೈಹಿಡಿದು ಹಿಮಕ್ಕಿಳಿದಿದ್ದ ಲುಡೊವಿಕಾ ಅಮ್ಮನವರು ಆ ಬಳಿಕ ಹನ್ನೊಂದು ವರ್ಷ ಬಾಳಿ, 1968ರ ನವೆಂಬರ್ 1ರಂದು, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಹೆಲ್ಸಿಂಕಿಯಲ್ಲಿಯೇ ದೇವರ ಪಾದವನ್ನು ಸೇರಿದರು.