ಟೋಪಿ ವ್ಯಾಪಾರಿ ತಂದ ಆದಾಯ ತೆರಿಗೆ

ಜುಲೈ 24 ನಮ್ಮ ದೇಶದಲ್ಲಿ ಆದಾಯ ತೆರಿಗೆ ದಿನ. 1860ರಲ್ಲಿ ಅದೇ ದಿನ ಇಲ್ಲಿ ಮೊದಲ ಆದಾಯ ತೆರಿಗೆ ಜಾರಿಗೆ ಬಂತು. ಅದನ್ನು ತಂದವರು ಜೇಮ್ಸ್ ವಿಲ್ಸನ್ ಎಂದು ತರಗತಿಯಲ್ಲಿ ಕೇಳಿದಾಗ ನೋಟ್ಸ್‌ನಲ್ಲಿ ಬರೆದುಕೊಂಡು ಸುಮ್ಮನಾಗಿದ್ದೆ. ಆದರೆ ಲಂಡನ್ನಿನ 'ದಿ ಎಕಾನಮಿಸ್ಟ್' ಪತ್ರಿಕೆ ಶುರು ಮಾಡಿದವರೂ ಅವರೇ, ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು ಎಂದು ವರ್ಷಗಟ್ಟಲೆ ಬರೆದವರೂ ಅವರೇ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ತೆರಿಗೆ ಬೇಡ ಎಂದವರೇ ತೆರಿಗೆ ಹಾಕಿದರೇ?

ವಿಲ್ಸನ್ 1805ರಲ್ಲಿ ಸ್ಕಾಟ್ಲೆಂಡಿನ ಹಾವಿಕ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯದು ಉಣ್ಣೆಯ ಉದ್ಯಮ. ಮೊದಲು ಮೇಷ್ಟ್ರಾಗಲು ಹೊರಟರು, ಅದು ಹಿಡಿಸದೆ ಟೋಪಿ ತಯಾರಿಸುವ ಕೆಲಸ ಕಲಿತು, ಸಹೋದರನ ಜೊತೆ ಲಂಡನ್ನಿಗೆ ಹೋಗಿ ವ್ಯಾಪಾರ ಮಾಡಿದರು. (ನಗಬೇಡಿ, ಇವರು ನಿಜವಾದ ಟೋಪಿ ಮಾರಿದವರು, ಯಾರಿಗೂ ಟೋಪಿ ಹಾಕಿದವರಲ್ಲ.) 1837ರ ಸುಮಾರಿಗೆ ಇಂಡಿಗೊ ಎಂಬ ನೀಲಿ ಬಣ್ಣದ ಬೆಲೆ ಏರುತ್ತದೆಂದು ನಂಬಿ ಹಣ ಹಾಕಿ ಬಹುಪಾಲು ಆಸ್ತಿ ಕಳೆದುಕೊಂಡರು. ಸಾಲಗಾರರಿಗೆ ಅರ್ಧ ನಗದು, ಉಳಿದದ್ದಕ್ಕೆ ಆಸ್ತಿ ಎಂದು ಒಪ್ಪಂದವಾಯಿತು. ಆ ಆಸ್ತಿ ಅಂದುಕೊಂಡಷ್ಟು ಬೆಲೆ ಬಾಳಲಿಲ್ಲ. ಕಾನೂನಿನ ಪ್ರಕಾರ ಅವರು ಇನ್ನೇನೂ ಕೊಡಬೇಕಾಗಿರಲಿಲ್ಲ. ಆದರೂ ಕೈಗೆ ಹಣ ಬಂದಾಗ ಕಡಿಮೆ ಬಿದ್ದದ್ದನ್ನು ತಾವಾಗಿಯೇ ತೀರಿಸಿದರು. ಕರ್ಜ್ ಅಂದರೆ ನಿದ್ದೆ ಬಿಡುವ ನಮ್ಮ ಅಬ್ಬಾಗೆ ಇದನ್ನು ಹೇಳಿದೆ. ಅವರಿಗೆ ವಿಲ್ಸನ್ ಅಲ್ಲೇ ಇಷ್ಟವಾದರು.

ಆಗ ಇಂಗ್ಲೆಂಡಿನಲ್ಲಿ ಹೊರಗಿನಿಂದ ಬರುವ ಧಾನ್ಯದ ಮೇಲೆ ಭಾರಿ ಸುಂಕವಿತ್ತು. ಲಾಭ ಜಮೀನುದಾರರಿಗೆ, ದುಬಾರಿ ಬ್ರೆಡ್ ಬಡವರಿಗೆ. ಅದನ್ನು ವಿರೋಧಿಸಿ ವಿಲ್ಸನ್ 1839ರಲ್ಲಿ ಪುಸ್ತಿಕೆ ಬರೆದರು, 1843ರಲ್ಲಿ ಪತ್ರಿಕೆಯನ್ನೇ ಹೊರಡಿಸಿದರು. 1846ರಲ್ಲಿ ಆ ಕಾನೂನು ರದ್ದಾಯಿತು.

ಇಲ್ಲಿಯವರೆಗೆ ನಾನು ಅವರ ಪರ. ಆದರೆ ಐರ್ಲೆಂಡಿನಲ್ಲಿ ಬರಗಾಲ ಬಂದು ಜನ ಲಕ್ಷಗಟ್ಟಲೆ ಸತ್ತಾಗಲೂ ಅವರ ಪತ್ರಿಕೆ, ಜನರಿಗೆ ಊಟ ಹಾಕುವುದು ಸರ್ಕಾರದ ಕೆಲಸವಲ್ಲ ಎಂಬ ವಾದವನ್ನು ಬಿಡಲಿಲ್ಲ. ಗಿರಣಿಯಲ್ಲಿ ಹೆಂಗಸರು, ಮಕ್ಕಳ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಮಿತಿಗೊಳಿಸುವ ಕಾನೂನನ್ನೂ ವಿರೋಧಿಸಿತು. ಬ್ರೆಡ್ಡಿನ ಬೆಲೆ ಇಳಿಸಲು ಹೋರಾಡಿದವರಿಗೆ ಕೊಳ್ಳಲು ಕಾಸೇ ಇಲ್ಲದವನು ಕಾಣಲಿಲ್ಲವೇ ಅನ್ನಿಸುತ್ತದೆ.

1847ರಲ್ಲಿ ಸಂಸತ್ತಿಗೆ ಆಯ್ಕೆಯಾದರು, ಸರ್ಕಾರದ ಹಣಕಾಸು ಹುದ್ದೆಗಳಲ್ಲಿದ್ದರು. ಇಂದಿನ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಮೂಲಗಳಲ್ಲಿ ಒಂದಾದ ಚಾರ್ಟರ್ಡ್ ಬ್ಯಾಂಕನ್ನು 1853ರಲ್ಲಿ ಸ್ಥಾಪಿಸಿದರು. 1859ರ ಕೊನೆಯಲ್ಲಿ ವೈಸರಾಯ್ ಕೌನ್ಸಿಲಿನ ಹಣಕಾಸು ಸದಸ್ಯರಾಗಿ ಕಲ್ಕತ್ತಕ್ಕೆ ಬಂದಿಳಿದರು. 1857ರ ದಂಗೆಯನ್ನು ಅಡಗಿಸಿದ ಖರ್ಚಿನಿಂದ ಖಜಾನೆ ಬರಿದಾಗಿತ್ತು, ಸಾಲ ಕೋಟಿಗಟ್ಟಲೆ ಪೌಂಡ್ ಏರಿತ್ತು. 1860ರ ಫೆಬ್ರುವರಿ 18ರಂದು ಅವರು ಮಂಡಿಸಿದ ಬಜೆಟ್ಟಿನಲ್ಲಿ ಆದಾಯ ತೆರಿಗೆ ಬಂತು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯಕ್ಕೆ ತೆರಿಗೆ ಇಲ್ಲ, 500ರವರೆಗೆ ಶೇಕಡಾ 2, ಅದಕ್ಕೆ ಮೇಲೆ ಶೇಕಡಾ 4.

ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಮೊದಲು ಸೈನ್ಯದ ಖರ್ಚು ಕಡಿಮೆ ಮಾಡಿ, ತೆರಿಗೆ ಬೇಕಾಗುವುದಿಲ್ಲ ಎಂಬುದು ಅವರ ವಾದ. ಹಳೆಯ ಸಂಪಾದಕ ವಿಲ್ಸನ್ ಬರೆಯಬಹುದಾಗಿದ್ದ ಮಾತೇ ಇದು! ಟ್ರೆವೆಲಿಯನ್ ಅವರನ್ನು ಲಂಡನ್ನಿಗೆ ವಾಪಸ್ ಕರೆಸಿಕೊಂಡರು.

ವಿಲ್ಸನ್ ಮಾತು ತಪ್ಪಿದರು ಎಂದು ನಾನು ಪೂರ್ತಿ ಒಪ್ಪುವುದಿಲ್ಲ. ಅವರಿಗೆ ಆಗದಿದ್ದದ್ದು ಬ್ರೆಡ್ಡಿನ ಬೆಲೆಯೊಳಗೆ ಬಚ್ಚಿಟ್ಟ ಸುಂಕ. ಆದಾಯ ತೆರಿಗೆ ಬಚ್ಚಿಟ್ಟದ್ದಲ್ಲ, ಇಂಗ್ಲಿಷ್ ಅಧಿಕಾರಿಯ ಸಂಬಳಕ್ಕೂ ಬಿತ್ತು. ನನ್ನ ತಕರಾರು ಬೇರೆ. ಲಂಡನ್ನಿನಲ್ಲಿ ಸರ್ಕಾರದ ಖರ್ಚನ್ನು ಪ್ರಶ್ನಿಸಲು ಸಂಸತ್ತಿತ್ತು, ಪತ್ರಿಕೆಯಿತ್ತು. ಇಲ್ಲಿ ತೆರಿಗೆ ಕಟ್ಟುವವನಿಗೆ ವೋಟೇ ಇರಲಿಲ್ಲ. ತನ್ನವರನ್ನೇ ಅಡಗಿಸಿದ ಸೈನ್ಯದ ಬಿಲ್ಲನ್ನು ಅವನೇ ಕಟ್ಟಬೇಕಾಯಿತು.

ತೆರಿಗೆ ಜಾರಿಯಾಗಿ 18 ದಿನಕ್ಕೆ, ಆಗಸ್ಟ್ 11ರಂದು, ಕಲ್ಕತ್ತದ ಮಳೆಗಾಲದಲ್ಲಿ ರಕ್ತಭೇದಿಯಿಂದ ವಿಲ್ಸನ್ ತೀರಿಕೊಂಡರು. ವಯಸ್ಸು 55. ಆ ತೆರಿಗೆ 1865ರಲ್ಲಿ ನಿಂತಿತು, 1886ರಲ್ಲಿ ಮತ್ತೆ ಬಂದು ಉಳಿದುಕೊಂಡಿತು. ಅವರ ಸಮಾಧಿ ಮಾತ್ರ ಮಲ್ಲಿಕ್ ಬಜಾರಿನ ಸ್ಮಶಾನದಲ್ಲಿ ಯಾರಿಗೂ ನೆನಪಿಲ್ಲದೆ ಬಿದ್ದಿತ್ತು. 2007ರಲ್ಲಿ ಅದನ್ನು ಹುಡುಕಿ ತೆಗೆದವರು ಒಬ್ಬ ಆದಾಯ ತೆರಿಗೆ ಅಧಿಕಾರಿ.