ಹ್ಯಾಟಿ ಮೇಯರ್ ಮತ್ತೆ ಆಂಜಿಯಾ ಆದದ್ದು

ಪೋಲೆಂಡ್‌ನಿಂದ ಬಂದಿಳಿದ ಬಾಲಕಿಗೆ ಅಮೆರಿಕ ಮೊದಲು ಕೊಟ್ಟದ್ದು ಹೊಸ ಹೆಸರು. ಆಂಜಿಯಾ ಯೆಜಿಯರ್ಸ್ಕಾ ಅಲ್ಲಿ ಹ್ಯಾಟಿ ಮೇಯರ್ ಆದರು. ಮೂವತ್ತರ ಸಮೀಪದಲ್ಲಿ ಹುಟ್ಟುಹೆಸರನ್ನೇ ಮರಳಿ ಧರಿಸಿ, ಆ ಹೆಸರಿನಲ್ಲೇ ಕಥೆಗಾರ್ತಿಯಾಗಿ ಪ್ರಸಿದ್ಧರಾದರು.

1880ರ ಆಸುಪಾಸಿನಲ್ಲಿ, ರಷ್ಯಾದ ಆಳ್ವಿಕೆಯಲ್ಲಿದ್ದ ಪೋಲೆಂಡ್‌ನ ಯಹೂದಿ ಕುಟುಂಬದಲ್ಲಿ ಜನನ. 1890ರ ದಶಕದ ಆರಂಭದಲ್ಲಿ ಕುಟುಂಬ ನ್ಯೂಯಾರ್ಕ್‌ನ ಲೋವರ್ ಈಸ್ಟ್ ಸೈಡ್ ಸೇರಿತು. ವಲಸಿಗರಿಂದ ಕಿಕ್ಕಿರಿದ ಬಡವರ ಕೇರಿಯದು. ತಂದೆ ಧರ್ಮಗ್ರಂಥಗಳ ಅಧ್ಯಯನದಲ್ಲೇ ಮುಳುಗಿದ್ದವರು. ಹೊಟ್ಟೆಪಾಡಿನ ಹೊರೆ ಉಳಿದವರ ಹೆಗಲಿಗೆ ಬಿತ್ತು. ಆಂಜಿಯಾ ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ, ಉಳ್ಳವರ ಮನೆಗಳಲ್ಲಿ ದುಡಿದರು. ತಂದೆಯ ವಿರೋಧ ಲೆಕ್ಕಿಸದೆ ಮನೆಬಿಟ್ಟು, ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿತು, ಶಾಲೆಯಲ್ಲಿ ಅಡುಗೆ ಪಾಠ ಹೇಳಿಕೊಟ್ಟರು. ಆ ಕೆಲಸ ಮನಸ್ಸಿಗೆ ಹಿಡಿಸಲಿಲ್ಲ. ವಿವಾಹ, ಮಗಳ ಜನನ, ದಾಂಪತ್ಯದಿಂದ ಬಿಡುಗಡೆ, ಎಲ್ಲವೂ ಕೆಲವೇ ವರ್ಷಗಳಲ್ಲಿ ಮುಗಿದವು.

1915ರಲ್ಲಿ ‘ದಿ ಫೋರಂ’ ಪತ್ರಿಕೆಯಲ್ಲಿ ಮೊದಲ ಕಥೆ ಅಚ್ಚಾಯಿತು. ಬಡ ತಾಯಂದಿರಿಗೆ ಪುಕ್ಕಟೆ ವಿಶ್ರಾಂತಿ ನೀಡುವ ದಾನಿಗಳು ಅದಕ್ಕೂ ಮುನ್ನ ಮಾಡುವ ಮಾನಹಾನಿಕರ ವಿಚಾರಣೆಯೇ ಅದರ ವಸ್ತು. ದಾನ ಪಡೆಯುವವರ ಅವಮಾನವನ್ನು ಆಂಜಿಯಾರಷ್ಟು ಹತ್ತಿರದಿಂದ ಕಂಡು ಬರೆದವರು ವಿರಳ. ಯಿದ್ದಿಶ್ ಮಾತಿನ ಲಯ ಬೆರೆತ ಇಂಗ್ಲಿಷ್ ಆಕೆಯದು. ತತ್ತ್ವಜ್ಞಾನಿ ಜಾನ್ ಡ್ಯೂಯಿ ಬರವಣಿಗೆಗೆ ಉತ್ತೇಜನ ನೀಡಿದರು. ಫಿಲಡೆಲ್ಫಿಯಾದ ಪೋಲಿಷ್ ವಲಸಿಗರ ಕುರಿತು 1918ರಲ್ಲಿ ಅವರು ನಡೆಸಿದ ಅಧ್ಯಯನದಲ್ಲಿ ಆಂಜಿಯಾ ಭಾಷಾಂತರಕಾರ್ತಿಯಾಗಿದ್ದರು.

1920ರಲ್ಲಿ ಪ್ರಕಟವಾದ ‘ಹಂಗ್ರಿ ಹಾರ್ಟ್ಸ್’ ಕಥಾಸಂಕಲನ ಅದೃಷ್ಟವನ್ನೇ ಬದಲಿಸಿತು. ಚಲನಚಿತ್ರದ ಹಕ್ಕಿಗೆ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್ವಿನ್ 10,000 ಡಾಲರ್ ತೆತ್ತರು. ಪತ್ರಿಕೆಗಳು ಆಂಜಿಯಾರನ್ನು ಕಾರ್ಖಾನೆಯ ಸಿಂಡ್ರೆಲಾ ಎಂದು ಕೊಂಡಾಡಿದವು. ಕಾಲೇಜು ಓದು, ಉಪಾಧ್ಯಾಯ ವೃತ್ತಿಯ ವರ್ಷಗಳು ಮಾತ್ರ ಆ ಪ್ರಚಾರದಲ್ಲಿ ಅನುಕೂಲಕರವಾಗಿ ಮರೆಯಾದವು! ಆದರೆ ಹಾಲಿವುಡ್‌ನ ವೈಭವದ ನಡುವೆ ಲೇಖನಿ ಓಡಲಿಲ್ಲ. ಹಸಿದವರ ಕಥೆ ಬರೆಯಲು ಹಸಿದವರ ಕೇರಿಯೇ ಬೇಕಾಯಿತು. ಆಕೆ ನ್ಯೂಯಾರ್ಕ್‌ಗೆ ಮರಳಿದರು.

ತಂದೆಯೊಂದಿಗಿನ ಹಳೆಯ ಜಗಳ 1925ರಲ್ಲಿ ‘ಬ್ರೆಡ್ ಗಿವರ್ಸ್’ ಕಾದಂಬರಿಯಾಯಿತು. ಆಕೆಯ ಕೃತಿಗಳಲ್ಲಿ ಇದೇ ಶ್ರೇಷ್ಠ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಹಣವೂ ಹೆಸರೂ ಕರಗಿದವು. ನಿರುದ್ಯೋಗಿ ಬರಹಗಾರರಿಗಾಗಿ ಸರ್ಕಾರ ರೂಪಿಸಿದ ಯೋಜನೆಯಲ್ಲಿ ಕೂಲಿಗೆ ಬರೆಯಬೇಕಾಯಿತು. 1950ರಲ್ಲಿ ಆತ್ಮಕಥನ ಬಂತು. ಕವಿ ಆಡೆನ್ ಅದಕ್ಕೆ ಮುನ್ನುಡಿ ಬರೆದರು. 1970ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಂಜಿಯಾ ನಿಧನರಾದಾಗ ಓದುಗರು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. ಐದು ವರ್ಷಗಳ ನಂತರ ‘ಬ್ರೆಡ್ ಗಿವರ್ಸ್’ ಮರುಮುದ್ರಣಗೊಂಡಿತು, ಅಮೆರಿಕದ ಕಾಲೇಜುಗಳ ಪಠ್ಯಪಟ್ಟಿಯನ್ನೂ ಸೇರಿತು.