ಭೂಲೋಕಮಲ್ಲ ಮೂರನೆಯ ಸೋಮೇಶ್ವರ: ಬೊಕ್ಕಸ, ಬನ ಮತ್ತು ಮೀನು

ಇಂದಿನ ಬಸವಕಲ್ಯಾಣವು ಕಲ್ಯಾಣಿ ಚಾಲುಕ್ಯರ ರಾಜಧಾನಿಯಾಗಿದ್ದುದನ್ನು ತಾವು ಬಲ್ಲಿರಿ. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಸುಮಾರು 1126ರಲ್ಲಿ ಇಲ್ಲಿ ಪಟ್ಟವೇರಿ 1138ರವರೆಗೆ ಆಳಿದನು. ಭೂಲೋಕಮಲ್ಲನೆಂಬುದು ಅವನ ಬಿರುದು.

ತಂದೆಯ ಕೀರ್ತಿ ದಂಡಯಾತ್ರೆಗಳದ್ದಾದರೆ ಮಗನದು ವಿದ್ಯೆಯದು. ಅವನ ಕಾಲದಲ್ಲಿ ಹೊಯ್ಸಳ ವಿಷ್ಣುವರ್ಧನನು ಸ್ವತಂತ್ರನಾಗಲು ಹವಣಿಸಿದನು. ಸಾಮ್ರಾಜ್ಯದ ಹಿಡಿತ ಸಡಿಲವಾಯಿತು. ಆದರೆ ಅವನು ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸವು ಉಳಿಯಿತು. ಅದರಲ್ಲಿ 5 ವಿಂಶತಿಗಳೂ 100 ಅಧ್ಯಾಯಗಳೂ ಇವೆ.

ಅದರಲ್ಲಿ ಕೃಷಿಕರಿಗೆ ಸಲ್ಲುವ ವಿಷಯಗಳು ಹಲವು. ಅರಸನು ಆದಾಯದ ಮುಕ್ಕಾಲು ಪಾಲನ್ನು ವೆಚ್ಚಮಾಡಿ ಕಾಲು ಪಾಲನ್ನು ಬೊಕ್ಕಸದಲ್ಲಿ ಉಳಿಸಬೇಕೆಂಬುದು ಅದರ ನೀತಿ. ಆನೆಗಳಿರುವ ಕಾಡುಗಳ ವಿಚಾರ, ಮೀನುಗಳ ಬಗೆಗಳು, ಅವುಗಳಿಗೆ ಹಾಕುವ ಮೇವು ಅಲ್ಲಿ ವಿವರವಾಗಿ ಬಂದಿವೆ. ವಿಹಾರಕ್ಕಾಗಿ ಕೃತಕ ಗುಡ್ಡದಂತಹ ಉದ್ಯಾನವನ್ನು ರೂಪಿಸುವ ಭೂಧರಕ್ರೀಡೆಯ ಅಧ್ಯಾಯವು ಗಿಡಮರಗಳ ಪೋಷಣೆಯನ್ನೂ ಚಿಕಿತ್ಸೆಯನ್ನೂ ತಿಳಿಸುತ್ತದೆ. ವಿಹಾರವು ಸಂಪನ್ಮೂಲದ ಪಾಲನೆಯಿಂದ ಬೇರೆಯಲ್ಲವೆಂಬ ಅರಿವು ಇಲ್ಲಿ ಎದ್ದು ಕಾಣುತ್ತದೆ.

ಅಂದು ಈ ನೀತಿ ಅರಸನ ಇಚ್ಛೆಗೆ ಬಿಟ್ಟದ್ದಾಗಿತ್ತು. ಇಂದು ಅದು ಕಾನೂನಾಗಿದೆ. ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ರೈತರು ಬದುವಿನ ಮರ ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದನ್ವಯ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ವಿಸ್ತರಣಾ ಕಾರ್ಯಕರ್ತರು ಇದನ್ನು ಗ್ರಾಮಸಭೆಗಳಲ್ಲಿ ತಿಳಿಸಬೇಕು.